ವಾರ್ಡ್ ಮಟ್ಟದ ಸ್ವಯಂಸೇವಾ ಇಂಧನ ಸಮಿತಿ: ಕಾರ್ಯಯೋಜನೆ ಮತ್ತು ಜನಸಂಪರ್ಕ – ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಅಂದು ವಿದ್ಯುತ್ ಎಂಬುದು ನೋಡಿ ಬೆರಗಾಗುವ ವಸ್ತುವಾಗಿತ್ತು. ಇಂದು ಅದು ಪ್ರತಿ ಮನೆಯ ಮಾಸಿಕ ಖರ್ಚಿನ ಒಂದು ಬಾಬತ್ತಾಗಿದೆ. ಆದಾಗ್ಯೂ, ತಮ್ಮ ಬಿಲ್ಲಿನಲ್ಲಿ ನಮೂದಾಗಿರುವ ಯೂನಿಟ್ಟುಗಳು ಯಾವ ಉಪಕರಣದಿಂದ ಬಂದವು, ತಮ್ಮ ಬೀದಿಯ ದೀಪ ಹಗಲಿನಲ್ಲಿ ಉರಿದರೆ ಯಾರಿಗೆ ತಿಳಿಸಬೇಕು, ಯಾವ ಸೌಲಭ್ಯಕ್ಕೆ ಎಲ್ಲಿ ಅರ್ಜಿ ಸಲ್ಲಿಸಬೇಕು ಎಂಬ ಮಾಹಿತಿ ಅನೇಕ ಕುಟುಂಬಗಳಿಗೆ ಇರುವುದಿಲ್ಲ.

ಈ ಕೊರತೆಯನ್ನು ಕಚೇರಿಯ ಪ್ರಕಟಣೆಯೊಂದರಿಂದಲೇ ನೀಗಿಸಲು ಸಾಧ್ಯವಿಲ್ಲ. ಬಡಾವಣೆಯ ನಾಲ್ಕಾರು ಆಸಕ್ತ ನಿವಾಸಿಗಳು ಸೇರಿ ಸ್ವಯಂಪ್ರೇರಣೆಯಿಂದ ಇಂಧನ ಸಮಿತಿಯೊಂದನ್ನು ರಚಿಸಿಕೊಂಡು ಕ್ರಮಬದ್ಧವಾಗಿ ಕೆಲಸ ಮಾಡಿದಲ್ಲಿ ಹೆಚ್ಚಿನ ಪ್ರಯೋಜನವಾಗುತ್ತದೆ. ಅಂಥ ಸಮಿತಿಯು ತನ್ನ ವರ್ಷದ ಕೆಲಸವನ್ನು ಹೇಗೆ ಯೋಜಿಸಿಕೊಳ್ಳಬಹುದು ಹಾಗೂ ಜನರನ್ನು ಹೇಗೆ ತಲುಪಬಹುದು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಸಮಿತಿಯ ಸ್ವರೂಪ

ಇಂಧನ ಸಮಿತಿಯು ಯಾವುದೇ ಕಾಯ್ದೆಯಡಿ ಸ್ಥಾಪಿತವಾದ ಪ್ರಾಧಿಕಾರವಲ್ಲ. ಅದಕ್ಕೆ ದಂಡ ವಿಧಿಸುವ, ತಪಾಸಣೆ ನಡೆಸುವ ಅಥವಾ ಅರ್ಜಿ ಮಂಜೂರು ಮಾಡುವ ಅಧಿಕಾರವಿರುವುದಿಲ್ಲ. ಅದು ನಾಗರಿಕರ ಒಂದು ಸ್ವಯಂಸೇವಾ ಕೂಟ ಮಾತ್ರ. ಆದ್ದರಿಂದ ಅದನ್ನು ರಚಿಸಿಕೊಳ್ಳಲು ಯಾವುದೇ ಪೂರ್ವಾನುಮತಿಯ ಅಗತ್ಯವಿಲ್ಲ.

ಸಂವಿಧಾನದ 74ನೇ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿದ್ದು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 243-ಎಸ್ ಅನುಚ್ಛೇದವು ವಿಧಿಸುತ್ತದೆ. ವಾರ್ಡ್ ಸಮಿತಿ ರಚನೆಯಾಗಿರುವ ನಗರಗಳಲ್ಲಿ ಇಂಧನ ಸಮಿತಿಯು ತನ್ನ ಪಟ್ಟಿಗಳನ್ನೂ ಸಲಹೆಗಳನ್ನೂ ಅದರ ಸಭೆಯಲ್ಲಿ ಮಂಡಿಸಬಹುದು. ಉಳಿದೆಡೆ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಒಂದು ಉಪಸಮಿತಿಯಾಗಿ ಕಾರ್ಯನಿರ್ವಹಿಸಬಹುದು.

ಇಂಥ ಸಮಿತಿಗಳು ಬೇರೆ ದೇಶಗಳಲ್ಲಿಯೂ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಅನೇಕ ಪಟ್ಟಣಗಳಲ್ಲಿ ನಾಗರಿಕ ಸ್ವಯಂಸೇವಕರ ಇಂಧನ ಸಮಿತಿಗಳಿವೆ. ಅಲ್ಲಿ 2008ರಲ್ಲಿ ಜಾರಿಗೆ ಬಂದ ಹಸಿರು ಸಮುದಾಯಗಳ ಕಾಯ್ದೆಯ ಪ್ರಕಾರ, ‘ಹಸಿರು ಸಮುದಾಯ’ವೆಂಬ ಮಾನ್ಯತೆ ಪಡೆಯಲು ಪಟ್ಟಣವು ಮೊದಲು ತನ್ನ ಆರಂಭಿಕ ಬಳಕೆಯನ್ನು ಲೆಕ್ಕ ಹಾಕಿ, ಐದು ವರ್ಷಗಳಲ್ಲಿ ಅದನ್ನು ಶೇ. 20ರಷ್ಟು ತಗ್ಗಿಸುವ ಯೋಜನೆಯನ್ನು ಒಪ್ಪಿಸಬೇಕು. ಅಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಭಿನ್ನವಾದರೂ ಒಂದು ಅಂಶ ಇಲ್ಲಿಗೂ ಅನ್ವಯಿಸುತ್ತದೆ: ಮೊದಲು ಲೆಕ್ಕ, ಅನಂತರ ಗುರಿ.

3. ಸಮಿತಿಯ ರಚನೆ

ಸಮಿತಿಯಲ್ಲಿ 7ರಿಂದ 11 ಸದಸ್ಯರಿದ್ದರೆ ಅನುಕೂಲ. ಸಂಖ್ಯೆಗಿಂತ ಸದಸ್ಯರು ಎಲ್ಲೆಲ್ಲಿಂದ ಬಂದವರು ಎಂಬುದು ಮುಖ್ಯ. ಸದಸ್ಯರನ್ನು ಆರಿಸುವಾಗ ಈ ಕೆಳಕಂಡವರು ಇರುವಂತೆ ನೋಡಿಕೊಳ್ಳುವುದು:

(ಅ) ಮನೆಯ ವಿದ್ಯುತ್ ಬಳಕೆಯನ್ನು ದಿನವೂ ನಿರ್ವಹಿಸುವ ಗೃಹಿಣಿಯರು;
(ಆ) ಬಾಡಿಗೆ ಮನೆಗಳಲ್ಲಿ ವಾಸಿಸುವವರು;
(ಇ) ಅಂಗಡಿ, ಹಿಟ್ಟಿನ ಗಿರಣಿ, ಹೋಟೆಲು ಮುಂತಾದ ಸಣ್ಣ ವ್ಯಾಪಾರ ನಡೆಸುವವರು;
(ಈ) ಪರವಾನಗಿ ಹೊಂದಿದ ಒಬ್ಬ ವಿದ್ಯುತ್ ಕೆಲಸಗಾರರು;
(ಉ) ಒಬ್ಬ ಶಿಕ್ಷಕರು ಹಾಗೂ ನಿವೃತ್ತ ನೌಕರರು.

ಬಾಡಿಗೆದಾರರಿಲ್ಲದ ಸಮಿತಿಯು ಸ್ವಂತ ಮನೆಯುಳ್ಳವರ ಸಮಸ್ಯೆಗಳನ್ನಷ್ಟೇ ಕಾಣುವ ಸಂಭವವಿರುತ್ತದೆ. ಆದ್ದರಿಂದ (ಆ) ಅಂಶವನ್ನು ಕಡೆಗಣಿಸಬಾರದು.

ಒಬ್ಬ ಸಂಚಾಲಕರು, ಒಬ್ಬ ದಾಖಲೆ ನಿರ್ವಾಹಕರು ಹಾಗೂ ಒಬ್ಬ ಖಜಾಂಚಿ ಸಾಕು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿ ನೋಂದಾಯಿಸಿಕೊಳ್ಳಲು ಕನಿಷ್ಠ ಏಳು ಮಂದಿ ಬೇಕಾಗುತ್ತದೆ. ಆದರೆ ಹಣ ಸಂಗ್ರಹಿಸುವ ಉದ್ದೇಶವಿಲ್ಲದಿದ್ದಲ್ಲಿ ಮೊದಲ ವರ್ಷವೇ ನೋಂದಣಿಗೆ ಶ್ರಮ ವ್ಯಯಿಸುವ ಅಗತ್ಯವಿಲ್ಲ.

4. ಆರಂಭಿಕ ಲೆಕ್ಕ

ವ್ಯಾಪಾರದ ಲೆಕ್ಕಪುಸ್ತಕ ತೆರೆಯುವಾಗ ಮೊದಲು ಬರೆಯುವುದು ಆರಂಭಿಕ ಶಿಲ್ಕನ್ನು. ಅದಿಲ್ಲದೆ ವರ್ಷಾಂತ್ಯದಲ್ಲಿ ಲಾಭವಾಯಿತೋ ನಷ್ಟವಾಯಿತೋ ಹೇಳಲಾಗದು. ಇಂಧನ ಸಮಿತಿಗೂ ಇದೇ ನಿಯಮ ಅನ್ವಯಿಸುತ್ತದೆ. ಫಲಕ, ಜಾಥಾ, ಭಾಷಣಗಳಿಂದ ಆರಂಭವಾದ ಸಮಿತಿಯು ವರ್ಷದ ಕೊನೆಗೆ ತೋರಿಸಲು ಛಾಯಾಚಿತ್ರಗಳನ್ನಲ್ಲದೆ ಬೇರೇನನ್ನೂ ಹೊಂದಿರುವುದಿಲ್ಲ. ಮೊದಲ ಸಭೆಗೆ ತುಂಬಿದ ಸಭಾಂಗಣ ಮೂರನೆಯ ಸಭೆಯ ವೇಳೆಗೆ ಬರಿದಾಗುವುದಕ್ಕೂ ಇದೇ ಕಾರಣ: ಏನು ಬದಲಾಯಿತೆಂದು ಸದಸ್ಯರಿಗೇ ಕಾಣುವುದಿಲ್ಲ.

ಆದ್ದರಿಂದ ಮೊದಲ ಎರಡು ತಿಂಗಳುಗಳನ್ನು ಈ ಕೆಳಕಂಡ ಮೂರು ಲೆಕ್ಕಗಳಿಗೆ ಮೀಸಲಿಡುವುದು ಸೂಕ್ತ.

4.1 ಮನೆಗಳ ಲೆಕ್ಕ: ತಾವಾಗಿಯೇ ಒಪ್ಪಿದ 30ರಿಂದ 50 ಮನೆಗಳ ಹಿಂದಿನ 12 ತಿಂಗಳ ಬಳಕೆಯ ಯೂನಿಟ್ಟುಗಳನ್ನು ಬರೆದುಕೊಳ್ಳುವುದು. ಹೆಸರು ಮತ್ತು ಆರ್.ಆರ್. ಸಂಖ್ಯೆಯನ್ನು ಬರೆಯದೆ, ಮನೆಗೊಂದು ಕ್ರಮಸಂಖ್ಯೆ ನೀಡಿದರೆ ಸಾಕು. ಒಂದು ತಿಂಗಳ ಬಿಲ್ಲಿನಿಂದ ನಿರ್ಣಯಕ್ಕೆ ಬರಬಾರದು. ಬೇಸಿಗೆಯಲ್ಲಿ ಫ್ಯಾನು, ಮಳೆಗಾಲ ಹಾಗೂ ಚಳಿಗಾಲದಲ್ಲಿ ನೀರು ಕಾಯಿಸುವ ಗೀಸರು ಬಳಕೆಯನ್ನು ಏರಿಸುತ್ತವೆ.

4.2 ಬೀದಿ ದೀಪಗಳ ಲೆಕ್ಕ: ಪ್ರತಿ ಬೀದಿಯ ಕಂಬಗಳನ್ನು ಎಣಿಸಿ, (1) ಉರಿಯುತ್ತಿರುವವು, (2) ಕೆಟ್ಟಿರುವವು, (3) ಹಗಲಿನಲ್ಲಿಯೂ ಉರಿಯುವವು ಎಂದು ಮೂರು ಪಟ್ಟಿ ಮಾಡುವುದು. ಉದಾಹರಣೆಗೆ, ತಲಾ 70 ವ್ಯಾಟಿನ 40 ದೀಪಗಳು ದಿನಕ್ಕೆ 10 ಗಂಟೆ ಕಾಲ ಹಗಲಿನಲ್ಲಿ ಉರಿದರೆ 28 ಯೂನಿಟ್ ವ್ಯರ್ಥವಾಗುತ್ತದೆ. ತಿಂಗಳಿಗೆ ಇದು 840 ಯೂನಿಟ್. ಈ ವೆಚ್ಚವನ್ನು ಅಂತಿಮವಾಗಿ ಭರಿಸುವವರು ತೆರಿಗೆ ಕಟ್ಟುವ ನಾಗರಿಕರೇ. ಅದೇ ವೇಳೆ ಮುಂದಿನ ತಿರುವಿನಲ್ಲಿ ಕೆಟ್ಟ ದೀಪದ ಕೆಳಗೆ ಹೆಣ್ಣುಮಕ್ಕಳು ಕತ್ತಲಲ್ಲಿ ನಡೆದುಹೋಗಬೇಕಾಗಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕಂಡಾಗ ಅದು ಉಳಿತಾಯದ ವಿಷಯವಷ್ಟೇ ಅಲ್ಲವೆಂದು ಎಲ್ಲರಿಗೂ ಮನವರಿಕೆಯಾಗುತ್ತದೆ.

4.3 ನೀರಿನ ಪಂಪುಗಳ ಲೆಕ್ಕ: ಒಂದು ಅಶ್ವಶಕ್ತಿಯ ಪಂಪು ಒಂದು ಗಂಟೆ ನಡೆದರೆ ಸುಮಾರು ಒಂದು ಯೂನಿಟ್ ಖರ್ಚಾಗುತ್ತದೆ. ಮೇಲಿನ ತೊಟ್ಟಿ ತುಂಬಿ ಹರಿಯುವ ಮನೆಗಳನ್ನು ಗುರುತಿಸುವುದು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಹಲವು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಪಂಪಿನ ನಷ್ಟವನ್ನು ಬಿಟ್ಟರೂ, ಸುಮಾರು 1.4 ಯೂನಿಟ್ ಬೇಕು. ನೀರು ಹರಿದುಹೋದರೆ ವಿದ್ಯುತ್ತೂ ಹರಿದುಹೋದಂತೆ.

ನಗರ ಸ್ಥಳೀಯ ಸಂಸ್ಥೆಯ ಬೀದಿ ದೀಪಗಳ ಬಿಲ್ಲಿನ ಮೊತ್ತದಂತಹ ಮಾಹಿತಿ ಬೇಕಾದಲ್ಲಿ, ಮೊದಲು ಸಂಬಂಧಪಟ್ಟ ಎಂಜಿನಿಯರರನ್ನು ಖುದ್ದಾಗಿ ಕೋರುವುದು. ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳ ಮಿತಿಯಲ್ಲಿರಬೇಕು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ನೀಡಬೇಕಾಗುತ್ತದೆ.

5. ಕೆಲಸಗಳ ಆಯ್ಕೆ

ಲೆಕ್ಕ ಸಿದ್ಧವಾದ ಮೇಲೆ ಹತ್ತಾರು ಕೆಲಸಗಳು ಕಣ್ಣಿಗೆ ಬೀಳುತ್ತವೆ. ಎಲ್ಲವನ್ನೂ ಕೈಗೆತ್ತಿಕೊಂಡರೆ ಯಾವುದೂ ಪೂರ್ಣಗೊಳ್ಳದು. ಮೊದಲ ವರ್ಷ ಮೂರು ಕೆಲಸಗಳಿಗೆ ಮಿತಿಗೊಳಿಸಿಕೊಳ್ಳುವುದು ಸೂಕ್ತ. ಆಯ್ಕೆ ಮಾಡುವಾಗ ಪ್ರತಿ ಕೆಲಸಕ್ಕೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು:

(1) ಇದರಿಂದ ಎಷ್ಟು ಯೂನಿಟ್ ಉಳಿಯುತ್ತದೆ, ಅಥವಾ ಎಷ್ಟು ಕುಟುಂಬಗಳಿಗೆ ಸೇವೆ ದೊರೆಯುತ್ತದೆ?
(2) ಇದನ್ನು ಸ್ವಯಂಸೇವಕರೇ ಮಾಡಬಹುದೇ, ಅಥವಾ ಇಲಾಖೆಯ ಆದೇಶ ಬೇಕೇ?
(3) ಕುಟುಂಬಕ್ಕೆ ಖರ್ಚಿದೆಯೇ? ಇದ್ದರೆ ಎಷ್ಟು ತಿಂಗಳಲ್ಲಿ ಮರಳಿ ಬರುತ್ತದೆ?
(4) ವರ್ಷಾಂತ್ಯದಲ್ಲಿ ಫಲಿತಾಂಶವನ್ನು ಎಣಿಸಿ ತೋರಿಸಬಹುದೇ?

ನಾಲ್ಕನೆಯ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬಂದ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡುವುದು ಲೇಸು. ಹೊಸ ಸಮಿತಿಗೆ ಸಾಮಾನ್ಯವಾಗಿ ಹೊಂದುವ ಮೂರು ಕೆಲಸಗಳೆಂದರೆ: ಬೀದಿ ದೀಪಗಳ ಪಟ್ಟಿ ಮತ್ತು ಅನುಸರಣೆ, ಮನೆ ಮನೆಯ ಬಿಲ್ಲು ಪರಿಶೀಲನೆ, ಹಾಗೂ ಅರ್ಜಿ ಸಲ್ಲಿಕೆಗೆ ನೆರವು.

6. ವಾರ್ಷಿಕ ವೇಳಾಪಟ್ಟಿ (ಮಾದರಿ)

ಏಪ್ರಿಲ್–ಮೇ: ಆರಂಭಿಕ ಲೆಕ್ಕ. ಬೇಸಿಗೆಯ ಬಿಲ್ಲು ಕೈಯಲ್ಲಿರುವುದರಿಂದ ಜನರು ಮಾತಿಗೆ ಸಿಗುತ್ತಾರೆ.

ಜೂನ್–ಜುಲೈ: ಕೆಲಸಗಳ ಆಯ್ಕೆ. ಶಾಲೆಗಳು ಆರಂಭವಾಗುವುದರಿಂದ ಶಿಕ್ಷಕರೊಂದಿಗೆ ಚರ್ಚೆ. ಮಳೆಗಾಲದ ವಿದ್ಯುತ್ ಸುರಕ್ಷತೆಯ ತಿಳಿವಳಿಕೆ.

ಆಗಸ್ಟ್–ಸೆಪ್ಟೆಂಬರ್: ಗಣೇಶೋತ್ಸವದ ಪೆಂಡಾಲುಗಳ ಆಯೋಜಕರನ್ನು ಭೇಟಿ ಮಾಡಿ, ವಿದ್ಯುತ್ ಸರಬರಾಜು ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯುವಂತೆ ತಿಳಿಸುವುದು. ಕಂಬದ ತಂತಿಗೆ ಕೊಕ್ಕೆ ಹಾಕುವುದು ಅಪರಾಧ ಮಾತ್ರವಲ್ಲ, ಮಳೆಯಲ್ಲಿ ಪ್ರಾಣಾಪಾಯಕ್ಕೂ ಕಾರಣವಾಗುತ್ತದೆ. ಹಬ್ಬಕ್ಕೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

ಅಕ್ಟೋಬರ್–ನವೆಂಬರ್: ಮನೆ ಮನೆ ಭೇಟಿ.

ಡಿಸೆಂಬರ್: 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅಂದು ಸಾರ್ವಜನಿಕ ಸಭೆ ಕರೆದು, ಅದುವರೆಗಿನ ಅಂಕಿ-ಅಂಶಗಳನ್ನು ಜನರ ಮುಂದಿಡುವುದು.

ಜನವರಿ–ಫೆಬ್ರವರಿ: ಬಾಕಿ ಉಳಿದ ಅರ್ಜಿಗಳ ಅನುಸರಣೆ. ಅದೇ ಮನೆಗಳ ಮರು ಲೆಕ್ಕ.

ಮಾರ್ಚ್: ವರ್ಷದ ವರದಿ.

ತಿಂಗಳಿಗೊಂದು ಸಭೆ, ಒಂದು ಗಂಟೆಯ ಅವಧಿ, ನಿಗದಿತ ವಾರ ಹಾಗೂ ನಿಗದಿತ ಸ್ಥಳ ಇರಲಿ. ಪ್ರತಿ ಸಭೆಯ ನಡವಳಿಯಲ್ಲಿ ‘ಯಾರು, ಏನನ್ನು, ಯಾವ ದಿನಾಂಕದೊಳಗೆ’ ಎಂಬ ಮೂರು ಕಲಂಗಳಿದ್ದರೆ ಸಾಕು.

7. ಜನಸಂಪರ್ಕ

7.1 ಬಿಲ್ಲು ಹಿಡಿದು ಮಾತು

‘ವಿದ್ಯುತ್ ಉಳಿಸಿ, ದೇಶ ಬೆಳಗಿಸಿ’ ಎಂಬಂತಹ ಘೋಷಣೆಗಳನ್ನು ಕೇಳದವರಿಲ್ಲ. ಅವುಗಳನ್ನು ಮತ್ತೆ ಬರೆದು ಗೋಡೆಗೆ ಅಂಟಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮನೆಯವರೇ ತಮ್ಮ ಬಿಲ್ಲನ್ನು ತಂದು ಕುಳಿತಾಗ ನಡೆಯುವ ಹದಿನೈದು ನಿಮಿಷದ ಮಾತು ಅದಕ್ಕಿಂತ ಹೆಚ್ಚು ಫಲಕಾರಿ. ಬಿಲ್ಲಿನಲ್ಲಿರುವ ಮಂಜೂರಾದ ಭಾರ, ಹಿಂದಿನ ಮಾಪನ, ಇಂದಿನ ಮಾಪನ, ಬಳಕೆಯ ಯೂನಿಟ್ ಎಂಬ ನಾಲ್ಕು ನಮೂದುಗಳನ್ನು ಮೊದಲು ಓದಿ ತೋರಿಸುವುದು. ಬಳಿಕ ಉಪಕರಣಗಳ ಲೆಕ್ಕಕ್ಕೆ ಬರುವುದು.

ಒಂದು ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಈ ಒಂದು ಸೂತ್ರ ತಿಳಿದರೆ ಉಳಿದುದನ್ನು ಮನೆಯವರೇ ಲೆಕ್ಕ ಹಾಕಬಲ್ಲರು (ತಿಂಗಳಿಗೆ 30 ದಿನಗಳಂತೆ):

– 60 ವ್ಯಾಟಿನ ಹಳೆಯ ಬಲ್ಬು, ದಿನಕ್ಕೆ 5 ಗಂಟೆ: 9 ಯೂನಿಟ್
– 9 ವ್ಯಾಟಿನ ಎಲ್‌ಇಡಿ ಬಲ್ಬು, ದಿನಕ್ಕೆ 5 ಗಂಟೆ: 1.35 ಯೂನಿಟ್
– 75 ವ್ಯಾಟಿನ ಹಳೆಯ ಫ್ಯಾನು, ದಿನಕ್ಕೆ 10 ಗಂಟೆ: 22.5 ಯೂನಿಟ್
– 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನು, ದಿನಕ್ಕೆ 10 ಗಂಟೆ: 9 ಯೂನಿಟ್
– 2,000 ವ್ಯಾಟಿನ ಗೀಸರು, ದಿನಕ್ಕೆ 1 ಗಂಟೆ: 60 ಯೂನಿಟ್

ಮನೆಯವರು ಸಾಮಾನ್ಯವಾಗಿ ದೂರುವುದು ಕಣ್ಣಿಗೆ ಕಾಣುವ ದೀಪವನ್ನು. ಹೆಚ್ಚು ಯೂನಿಟ್ ನುಂಗುವುದು ಬಚ್ಚಲುಮನೆಯ ಗೋಡೆಯ ಮೇಲಿರುವ ಗೀಸರು. ಈ ಪಟ್ಟಿಯನ್ನು ತೋರಿಸಿದಾಗ ಚರ್ಚೆಯ ದಿಕ್ಕು ತಾನಾಗಿಯೇ ಬದಲಾಗುತ್ತದೆ.

7.2 ಎಲ್ಲೆಯ ಅಂಚಿನಲ್ಲಿರುವ ಕುಟುಂಬಗಳು

ಗೃಹ ಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ಬಳಕೆಯಿಂದ ಅನ್ವಯವಾಯಿತು. ಯೋಜನೆಯ ಮೂಲ ಆದೇಶದಂತೆ, 2022–23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ. 10ರಷ್ಟನ್ನು ಸೇರಿಸಿ ಪ್ರತಿ ಮನೆಯ ಅರ್ಹ ಯೂನಿಟ್ಟುಗಳನ್ನು ನಿಗದಿಪಡಿಸಲಾಯಿತು. ಅರ್ಹ ಮಿತಿಯನ್ನು ಮೀರಿ 200 ಯೂನಿಟ್ಟಿನೊಳಗೆ ಬಳಸಿದವರು ಹೆಚ್ಚುವರಿ ಯೂನಿಟ್ಟುಗಳಿಗೆ ಮಾತ್ರ ಹಣ ಪಾವತಿಸಬೇಕು. ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕು. ಸರಾಸರಿ ಬಳಕೆ 48 ಯೂನಿಟ್ಟಿಗಿಂತ ಕಡಿಮೆಯಿರುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿಯಾಗಿ ನೀಡಲು 2024ರಲ್ಲಿ ತೀರ್ಮಾನಿಸಲಾಯಿತು.

ಆದ್ದರಿಂದ 200ರ ಆಸುಪಾಸಿನಲ್ಲಿರುವ ಕುಟುಂಬಕ್ಕೆ ಕೆಲವೇ ಯೂನಿಟ್ಟುಗಳ ವ್ಯತ್ಯಾಸ ದೊಡ್ಡದಾಗುತ್ತದೆ. ಒಂದು ಉದಾಹರಣೆಯನ್ನು ಗಮನಿಸಬಹುದು. ಒಂದು ಮನೆಯ ಅರ್ಹ ಮಿತಿ 187 ಯೂನಿಟ್, ಈ ತಿಂಗಳ ಬಳಕೆ 212 ಯೂನಿಟ್ ಎಂದಿಟ್ಟುಕೊಳ್ಳೋಣ. ಆ ಮನೆಯವರು ಪೂರ್ಣ 212 ಯೂನಿಟ್ಟಿನ ಬಿಲ್ಲು ಕಟ್ಟಬೇಕು. ಗೀಸರಿನ ಬಳಕೆಯನ್ನು ದಿನಕ್ಕೆ ಒಂದು ಗಂಟೆಯಿಂದ 40 ನಿಮಿಷಕ್ಕೆ ಇಳಿಸಿದರೆ 20 ಯೂನಿಟ್ ಉಳಿದು ಬಳಕೆ 192ಕ್ಕೆ ಬರುತ್ತದೆ. ಆಗ ಕಟ್ಟಬೇಕಾದುದು 5 ಯೂನಿಟ್ಟಿಗೆ ಮಾತ್ರ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಮುಂದೆ ಅನುಕೂಲವಾದಾಗ ಒಂದು ಹಳೆಯ ಫ್ಯಾನನ್ನು ಬದಲಿಸಿದರೆ ಇನ್ನೂ 13.5 ಯೂನಿಟ್ ಉಳಿದು ಬಳಕೆ 178.5ಕ್ಕೆ ಇಳಿಯುತ್ತದೆ. ಆಗ ಶೂನ್ಯ ಬಿಲ್ಲು ಬರುತ್ತದೆ.

ಇಂಥ ಮನೆಗಳನ್ನು ಗುರುತಿಸಿ ಮೊದಲು ಭೇಟಿ ನೀಡುವುದು ಸಮಿತಿಯ ಆದ್ಯತೆಯಾಗಬೇಕು. ಈಗಾಗಲೇ ತಿಂಗಳಿಗೆ 40 ಯೂನಿಟ್ ಬಳಸುತ್ತಿರುವ ಮನೆಗೆ ಹೋಗಿ ಉಳಿತಾಯದ ಉಪದೇಶ ಮಾಡುವುದು ಸರಿಯಲ್ಲ. ಅಲ್ಲಿ ಬೇಕಾಗಿರುವುದು ಅರ್ಜಿ ನೆರವು ಅಥವಾ ಸುರಕ್ಷಿತ ವೈರಿಂಗ್ ಇರಬಹುದು.

7.3 ಕೊಳ್ಳುವ ಮುನ್ನ ಸಲಹೆ

ಉಪಕರಣಗಳ ನಕ್ಷತ್ರ ಗುರುತು (ಸ್ಟಾರ್ ಲೇಬಲ್) ಪದ್ಧತಿಯನ್ನು ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿತು. ಸೀಲಿಂಗ್ ಫ್ಯಾನುಗಳಿಗೆ ಅದು 2023ರಿಂದ ಕಡ್ಡಾಯವಾಗಿದೆ. ನಕ್ಷತ್ರಗಳ ಸಂಖ್ಯೆಯ ಜೊತೆಗೆ, ಫ್ರಿಜ್ ಹಾಗೂ ಹವಾನಿಯಂತ್ರಕಗಳ ಗುರುತಿನ ಮೇಲೆ ನಮೂದಿಸಿರುವ ವಾರ್ಷಿಕ ಯೂನಿಟ್ ಮತ್ತು ವರ್ಷವನ್ನೂ ನೋಡುವಂತೆ ತಿಳಿಸುವುದು. ಮಾನದಂಡಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ವರ್ಷದ ಐದು ನಕ್ಷತ್ರವೂ ಹೊಸ ವರ್ಷದ ಐದು ನಕ್ಷತ್ರವೂ ಒಂದೇ ಅಲ್ಲ. ಹವಾನಿಯಂತ್ರಕದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಬ್ಯೂರೋ ತಿಳಿಸಿದೆ.

ಸಮಿತಿಯು ಯಾವುದೇ ಕಂಪನಿಯ ಹೆಸರನ್ನು ಶಿಫಾರಸು ಮಾಡಬಾರದು. ಅಂಗಡಿಯಿಂದ ರಿಯಾಯಿತಿ ಅಥವಾ ದಲ್ಲಾಳಿ ಪಡೆದ ಸದಸ್ಯರಿಂದ ಇಡೀ ಸಮಿತಿಯ ಮಾತಿಗೆ ಬೆಲೆ ಇಲ್ಲದಂತಾಗುತ್ತದೆ.

7.4 ತಲುಪುವ ಸ್ಥಳಗಳು

ಸಂಜೆಯ ಸಭೆಗೆ ಬರಲಾಗದವರೇ ಹೆಚ್ಚು. ಆದ್ದರಿಂದ ಸಮಿತಿಯೇ ಜನರಿರುವ ಕಡೆಗೆ ಹೋಗಬೇಕು: ನ್ಯಾಯಬೆಲೆ ಅಂಗಡಿ, ಹಾಲಿನ ಕೇಂದ್ರ, ಸ್ತ್ರೀಶಕ್ತಿ ಗುಂಪಿನ ಸಭೆ, ಅಂಗನವಾಡಿ, ಉದ್ಯಾನದ ಬೆಳಗಿನ ನಡಿಗೆ, ವಾರದ ಸಂತೆ. ವಾರ್ಡಿನಲ್ಲಿ ಉರ್ದು, ತಮಿಳು, ತೆಲುಗು, ತುಳು ಮಾತನಾಡುವವರಿದ್ದಲ್ಲಿ ಆ ಭಾಷೆ ಬಲ್ಲ ಸದಸ್ಯರು ಜೊತೆಗಿರಲಿ. ಮನೆಯ ಬಾಗಿಲಿಗೆ ಇಬ್ಬರು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆ ಹೋಗುವುದು ಉಚಿತ.

8. ಅರ್ಜಿ ಸಲ್ಲಿಕೆಗೆ ನೆರವು

ಉಳಿತಾಯದ ಮಾತಿಗೆ ಕಿವಿಗೊಡದ ಮನೆಯೂ ಅರ್ಜಿಯ ನೆರವಿಗೆ ಬಾಗಿಲು ತೆರೆಯುತ್ತದೆ. ಸಾಮಾನ್ಯವಾಗಿ ಎದುರಾಗುವ ಸಂದರ್ಭಗಳು ಈ ಕೆಳಕಂಡಂತಿವೆ.

8.1 ಗೃಹ ಜ್ಯೋತಿ: ಬಾಡಿಗೆದಾರರೂ ಅರ್ಜಿ ಸಲ್ಲಿಸಬಹುದು. ಮನೆ ಬದಲಿಸಿದವರು ಹಳೆಯ ಮನೆಯ ಸಂಪರ್ಕದಿಂದ ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿ, ಹೊಸ ಮನೆಯ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬೇಕು. ಹಿಂದಿನ ಬಾಡಿಗೆದಾರರು ಜೋಡಣೆ ತೆಗೆಸದೆ ಹೋದುದರಿಂದ ಹೊಸದಾಗಿ ಬಂದವರಿಗೆ ತೊಂದರೆಯಾಗುವ ಸಂದರ್ಭಗಳುಂಟು. ಮನೆ ಖಾಲಿ ಮಾಡುವ ದಿನವೇ ಈ ಕೆಲಸವನ್ನು ಮುಗಿಸುವಂತೆ ಎರಡೂ ಕಡೆಯವರಿಗೆ ತಿಳಿಸುವುದು.

8.2 ಹೆಸರು ಬದಲಾವಣೆ: ಅನೇಕ ಮನೆಗಳಲ್ಲಿ ವಿದ್ಯುತ್ ಸಂಪರ್ಕವು ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಮುಂದುವರಿದಿರುತ್ತದೆ. ಬಿಲ್ಲು ಕಟ್ಟುವವರೆಗೆ ಇದರಿಂದ ಯಾವ ಅಡ್ಡಿಯೂ ಕಾಣುವುದಿಲ್ಲ. ಸೌರ ಘಟಕದ ಸಹಾಯಧನಕ್ಕೋ ಮಂಜೂರಾದ ಭಾರದ ಬದಲಾವಣೆಗೋ ಹೋದಾಗ ತೊಡಕಾಗುತ್ತದೆ. ಪತಿ ತೀರಿಕೊಂಡ ಹಲವು ವರ್ಷಗಳ ನಂತರವೂ ಅವರ ಹೆಸರಿನ ಬಿಲ್ಲನ್ನೇ ಕಟ್ಟುತ್ತಿರುವ ಮಹಿಳೆಗೆ ಈ ವಿಷಯವನ್ನು ಮುಂಚಿತವಾಗಿ, ಸೌಜನ್ಯದಿಂದ ತಿಳಿಸಿ, ದಾಖಲೆಗಳನ್ನು ಜೋಡಿಸಲು ನೆರವಾಗುವುದು ಸಮಿತಿ ಮಾಡಬಹುದಾದ ಉತ್ತಮ ಕೆಲಸಗಳಲ್ಲೊಂದು. ಸಾಮಾನ್ಯವಾಗಿ ಮರಣ ಪ್ರಮಾಣ ಪತ್ರ, ಸ್ವತ್ತಿನ ದಾಖಲೆ ಹಾಗೂ ಇತರ ವಾರಸುದಾರರ ಒಪ್ಪಿಗೆಯನ್ನು ಕೇಳಲಾಗುತ್ತದೆ. ನಿಖರವಾದ ಪಟ್ಟಿಯನ್ನು ಸಂಬಂಧಪಟ್ಟ ಉಪವಿಭಾಗ ಕಚೇರಿಯಿಂದ ಪಡೆಯುವುದು.

8.3 ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆ: ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ 75,021 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಯನ್ನು 2026–27ನೇ ಆರ್ಥಿಕ ವರ್ಷದವರೆಗಿನ ಅವಧಿಗೆ ಮಂಜೂರು ಮಾಡಿತು. ಯೋಜನೆಯಡಿ ಮನೆಗಳ ಸಹಾಯಧನ 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಕಿಲೋವ್ಯಾಟ್ ಹಾಗೂ ಮೇಲ್ಪಟ್ಟು 78,000 ರೂಪಾಯಿ. ವಸತಿ ಸಂಘಗಳ ಸಾಮಾನ್ಯ ಸೌಲಭ್ಯಗಳಿಗೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ. ರಾಷ್ಟ್ರೀಯ ಪೋರ್ಟಲಿನಲ್ಲಿ ನೋಂದಣಿ, ನೋಂದಾಯಿತ ಮಾರಾಟಗಾರರ ಆಯ್ಕೆ, ಘಟಕ ಸ್ಥಾಪನೆ, ನೆಟ್ ಮೀಟರ್ ಅಳವಡಿಕೆ ಹಾಗೂ ಪರಿಶೀಲನೆ ಮುಗಿದ ನಂತರ ಸಹಾಯಧನವು ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಶೂನ್ಯ ಬಿಲ್ಲು ಬರುತ್ತಿರುವ ಮನೆಗೆ ಸಾಲ ಮಾಡಿ ಸೌರ ಘಟಕ ಹಾಕಿಸುವಂತೆ ಒತ್ತಾಯಿಸಬಾರದು. ಲಾಭ-ನಷ್ಟದ ಲೆಕ್ಕವನ್ನು ಮುಂದಿಟ್ಟು ತೀರ್ಮಾನವನ್ನು ಅವರಿಗೇ ಬಿಡುವುದು.

8.4 ಸ್ವೀಕೃತಿ: ಯಾವುದೇ ಅರ್ಜಿ ಸಲ್ಲಿಸಿದಾಗ ಸ್ವೀಕೃತಿಯನ್ನು ತಪ್ಪದೆ ಪಡೆಯುವುದು. ಸಕಾಲ ಯೋಜನೆಯಡಿ ಅಧಿಸೂಚಿತವಾದ ಸೇವೆಯಾಗಿದ್ದಲ್ಲಿ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ಅದರಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು ಹಾಗೂ ಕಾಲಮಿತಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು.

9. ಸ್ವಯಂಸೇವಕರು ಪಾಲಿಸತಕ್ಕ ಎಚ್ಚರಿಕೆಗಳು

(1) ಯಾರಿಂದಲೂ ಆಧಾರ್ ಪ್ರತಿ, ಬ್ಯಾಂಕ್ ವಿವರ ಅಥವಾ ಒಟಿಪಿ ಪಡೆಯಬಾರದು. ಅರ್ಜಿಯನ್ನು ಅರ್ಜಿದಾರರ ಕೈಯಿಂದಲೇ ತುಂಬಿಸುವುದು.
(2) ಕಂಬ, ಮೀಟರು, ಪರಿವರ್ತಕಗಳನ್ನು ಮುಟ್ಟಬಾರದು. ಮನೆಯೊಳಗಿನ ವೈರಿಂಗ್ ದುರಸ್ತಿಯನ್ನು ಪರವಾನಗಿ ಹೊಂದಿದವರಿಂದಲೇ ಮಾಡಿಸತಕ್ಕದ್ದು.
(3) ‘ಇಂದು ರಾತ್ರಿ ನಿಮ್ಮ ವಿದ್ಯುತ್ ಕಡಿತವಾಗುತ್ತದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಮೋಸದ ಸಂದೇಶಗಳ ಬಗ್ಗೆ ಹಿರಿಯ ನಾಗರಿಕರಿಗೆ ತಿಳಿಸುವುದು. ಸಂದೇಹವಿದ್ದಲ್ಲಿ ಸಹಾಯವಾಣಿ 1912ಕ್ಕೆ ಕರೆ ಮಾಡುವುದು.
(4) ನೆರೆಮನೆಯವರ ಬಳಕೆಯ ಅಂಕಿಗಳನ್ನು ಇನ್ನೊಬ್ಬರ ಮುಂದೆ ಹೇಳಬಾರದು.
(5) ವಿದ್ಯುತ್ ಕಳವು ಕಂಡುಬಂದಲ್ಲಿ ಜಗಳಕ್ಕಿಳಿಯದೆ, ಕ್ರಮ ಜರುಗಿಸುವುದನ್ನು ಸಂಬಂಧಪಟ್ಟ ಕಂಪನಿಗೆ ಬಿಡುವುದು.

10. ಕಚೇರಿಗಳೊಂದಿಗೆ ವ್ಯವಹಾರ

ಬೀದಿ ದೀಪಗಳ ನಿರ್ವಹಣೆ ನಗರ ಸ್ಥಳೀಯ ಸಂಸ್ಥೆಯ ಹೊಣೆ. ಮೀಟರು, ಬಿಲ್ಲು, ತಂತಿ, ಪರಿವರ್ತಕಗಳು ವಿದ್ಯುತ್ ಸರಬರಾಜು ಕಂಪನಿಗೆ ಸೇರಿದವು. ಈ ಭೇದ ತಿಳಿಯದೆ ದೂರು ನೀಡಿದ್ದರಿಂದ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವರು ಅನೇಕರು. ‘ನಮ್ಮ ಬಡಾವಣೆಯಲ್ಲಿ ದೀಪಗಳು ಸರಿಯಿಲ್ಲ’ ಎಂಬ ಪತ್ರಕ್ಕಿಂತ, ‘ಇಂತಿಂಥ ಸಂಖ್ಯೆಯ 11 ಕಂಬಗಳಲ್ಲಿ ದೀಪ ಕೆಟ್ಟಿದೆ, 6 ಕಂಬಗಳಲ್ಲಿ ಹಗಲಿನಲ್ಲಿ ಉರಿಯುತ್ತಿದೆ’ ಎಂಬ ಪತ್ರಕ್ಕೆ ಬೇಗ ಕ್ರಮವಾಗುತ್ತದೆ. ಏಕೆಂದರೆ ಎರಡನೆಯದನ್ನು ಎಂಜಿನಿಯರರು ನೇರವಾಗಿ ಕೆಲಸಗಾರರ ಕೈಗೆ ಕೊಡಬಹುದು. ದುರಸ್ತಿಯಾದಾಗ ಅದನ್ನೂ ಪತ್ರದ ಮೂಲಕ ತಿಳಿಸುವುದು ಸೌಜನ್ಯ.

ಬಿಲ್ಲಿನ ತಕರಾರು ಉಪವಿಭಾಗ ಕಚೇರಿಯಲ್ಲಿ ಬಗೆಹರಿಯದಿದ್ದಲ್ಲಿ, ವಿದ್ಯುಚ್ಛಕ್ತಿ ಅಧಿನಿಯಮ, 2003ರ ಅಡಿ ರಚಿತವಾಗಿರುವ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಆನಂತರ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೂ ದೂರು ಸಲ್ಲಿಸಬಹುದು.

11. ವರ್ಷಾಂತ್ಯದ ವರದಿ

ವರದಿ ಎರಡು ಪುಟ ಮೀರದಿರಲಿ. ಆರಂಭದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಎಷ್ಟು ಅರ್ಜಿ ಸಲ್ಲಿಕೆಯಾದವು, ಎಷ್ಟು ಮಂಜೂರಾದವು, ಎಷ್ಟು ಬಾಕಿ, ಹಣ ಬಂದದ್ದು ಮತ್ತು ಹೋದದ್ದು ಎಷ್ಟು: ಇಷ್ಟು ಸಾಕು. ಈ ವರ್ಷದ ಅಕ್ಟೋಬರನ್ನು ಹಿಂದಿನ ವರ್ಷದ ಅಕ್ಟೋಬರಿನೊಂದಿಗೆ ಹೋಲಿಸಬೇಕೇ ಹೊರತು ಈ ವರ್ಷದ ಏಪ್ರಿಲ್‌ನೊಂದಿಗೆ ಅಲ್ಲ.

ಕೆಲವು ಮನೆಗಳಲ್ಲಿ ಬಳಕೆ ಏರಿರಬಹುದು. ಹೊಸ ಮಗು ಬಂದಿರಬಹುದು, ಹಾಸಿಗೆ ಹಿಡಿದ ಹಿರಿಯರಿರಬಹುದು, ಮನೆಯಲ್ಲಿಯೇ ಹೊಲಿಗೆ ಕೆಲಸ ಆರಂಭವಾಗಿರಬಹುದು. ಅದನ್ನು ಮರೆಮಾಚದೆ ಬರೆಯುವುದು. ಏರಿಕೆಯನ್ನು ಬಚ್ಚಿಟ್ಟ ವರದಿಯ ಇಳಿಕೆಯನ್ನೂ ಯಾರೂ ನಂಬುವುದಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಮಿತಿಯು ಮನೆಗಳಿಂದ ಶುಲ್ಕ ಪಡೆಯಬಹುದೇ?
ಉತ್ತರ: ಅರ್ಜಿ ನೆರವಿಗೆ ಯಾವುದೇ ಶುಲ್ಕ ಪಡೆಯಬಾರದು. ಸದಸ್ಯರ ಸ್ವಯಂ ವಂತಿಗೆಗೆ ರಸೀದಿ ನೀಡಿ ಲೆಕ್ಕವಿಡುವುದು.

ಪ್ರಶ್ನೆ: ಸಮಿತಿಯ ಮೂಲಕವೇ ಅರ್ಜಿ ಸಲ್ಲಿಸಬೇಕೇ?
ಉತ್ತರ: ಇಲ್ಲ. ಪ್ರತಿಯೊಬ್ಬ ನಾಗರಿಕರೂ ನೇರವಾಗಿ ಅರ್ಜಿ ಸಲ್ಲಿಸಬಹುದು. ಸಮಿತಿಯ ಶಿಫಾರಸಿನಿಂದ ಯಾವುದೇ ಆದ್ಯತೆ ದೊರೆಯುವುದಿಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಮೂವರು ಮಾತ್ರ ಆಸಕ್ತರಿದ್ದೇವೆ. ಏನು ಮಾಡಬಹುದು?
ಉತ್ತರ: ಕಂಬಗಳನ್ನು ಎಣಿಸಲು ಮೂವರು ಸಾಕು. ಒಂದು ಸಂಜೆ, ಒಂದು ಹಗಲು ಎಣಿಸಿ ಪಟ್ಟಿಯನ್ನು ಸಲ್ಲಿಸುವುದು. ಕೆಟ್ಟ ದೀಪಗಳು ಹತ್ತಿದ ಮೇಲೆ ಉಳಿದವರು ಸೇರಿಕೊಳ್ಳುವ ಸಂಭವವಿರುತ್ತದೆ.

ಪ್ರಶ್ನೆ: ವಾರ್ಡಿನಲ್ಲಿ ಬೇರೆ ಬೇರೆ ಪಕ್ಷಗಳವರಿದ್ದಾರೆ. ತೊಂದರೆಯಾಗದೇ?
ಉತ್ತರ: ಸಭೆಯಲ್ಲಿ ಪಕ್ಷದ ವಿಷಯವನ್ನು ಪ್ರಸ್ತಾಪಿಸಬಾರದೆಂದು ಮೊದಲ ನಡವಳಿಯಲ್ಲಿಯೇ ದಾಖಲಿಸುವುದು.

ಸೂಚನೆ: ಯೋಜನೆಗಳ ಅರ್ಹತೆ, ಮಿತಿ ಹಾಗೂ ಸಹಾಯಧನದ ಮೊತ್ತಗಳು ಸರ್ಕಾರದ ಆದೇಶಗಳಿಗೆ ಒಳಪಟ್ಟು ಬದಲಾಗಬಹುದು. ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದು, ತಮ್ಮ ಬಡಾವಣೆಯ ಲೆಕ್ಕವನ್ನು ತಾವೇ ಇಟ್ಟುಕೊಂಡು ಸಹಕರಿಸಬೇಕಾಗಿ ವಿನಂತಿ.